ಒಂದಾಳು ಉಳಿಸಿದ ಮಗ್ಗ

ನಮ್ಮ ಮನೆಯ ಮಗ್ಗದ ಮುಂದೆ ಇಬ್ಬರು ಕೂರುವಷ್ಟು ಅಗಲದ ಒಂದು ಹಲಗೆ ಇದೆ. ಎಡಕ್ಕೆ ನಮ್ಮನೆಯವರು, ಬಲಕ್ಕೆ ನಾನು. ಮದುವೆಯಾಗಿ ಮೊಳಕಾಲ್ಮುರಿಗೆ ಬಂದಾಗಿನಿಂದ ನನ್ನ ಹಗಲೆಲ್ಲ ಆ ಹಲಗೆಯ ಮೇಲೇ ಕಳೆದಿದೆ. ಗಂಡನ ಭುಜಕ್ಕೆ ಭುಜ ತಾಗಿಸಿಕೊಂಡು ಇಷ್ಟು ವರ್ಷ ಕೂತವಳು ನಾನೊಬ್ಬಳೇ ಎಂದು ಜಂಬ ಕೊಚ್ಚಿಕೊಳ್ಳುವಂತಿಲ್ಲ. ನಮ್ಮ ಬೀದಿಯ ಅರ್ಧ ಹೆಂಗಸರು ಹೀಗೇ ಕೂತವರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ರೇಷ್ಮೆ ಸೀರೆಯ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ಎರಡು ಬಣ್ಣ ಒಂದರೊಳಗೊಂದು ಕಲೆಸಿಹೋಗಬಾರದು, ಹಾಗೆಂದು ಬಿಟ್ಟುಕೊಂಡೂ ನಿಲ್ಲಬಾರದು. ಅದಕ್ಕೆ ಮೂರು ಲಾಳಿ ಬೇಕು. ಒಡಲಿನದು ಮತ್ತು ಎಡಗಡೆ ಅಂಚಿನದು ನೇಯುವವನ ಕೈಯಲ್ಲಿ ನಡೆಯುತ್ತವೆ. ಬಲಗಡೆ ಅಂಚಿಗೆ ಅವನ ಕೈ ಎಟುಕುವುದಿಲ್ಲ. ಅಲ್ಲಿ ಇನ್ನೊಬ್ಬರು ಕೂತು, ಒಡಲಿನ ಎಳೆ ಬಂದ ಕೂಡಲೇ ಅದಕ್ಕೆ ಅಂಚಿನ ಎಳೆ ಕೊಂಡಿ ಹಾಕಿ, ಲಾಳಿ ದಾಟಿಸಬೇಕು. ಸೀರೆ ಉಡುವವರು ಅದನ್ನು ನೋಡುವುದೂ ಇಲ್ಲ. ಆದರೆ ಆ ಕೊಂಡಿ ತಪ್ಪಿದರೆ ಒಡಲು ಒಂದು ಕಡೆ, ಅಂಚು ಒಂದು ಕಡೆ.

ನಾನು ಚಳ್ಳಕೆರೆಯವಳು. ನಮ್ಮಪ್ಪ ಎಣ್ಣೆ ಮಿಲ್ಲಿನಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದರು. ನಮ್ಮ ಮನೆಯ ಬಟ್ಟೆ, ಬುತ್ತಿ, ದಿಂಬು ಎಲ್ಲಕ್ಕೂ ಶೇಂಗಾ ಹಿಂಡಿಯ ವಾಸನೆ. ರೇಷ್ಮೆಯನ್ನು ನಾನು ಮೊದಲು ಮುಟ್ಟಿದ್ದೇ ಧಾರೆ ಸೀರೆಯಲ್ಲಿ. ಈ ಮನೆಗೆ ಬಂದರೆ ಅತ್ತೆಯವರ ಬಾಯಲ್ಲಿ ಬರೀ ತೆಲುಗು. ಅರ್ಥವಾದದ್ದಕ್ಕೆ ತಲೆಯಾಡಿಸುತ್ತಿದ್ದೆ, ಆಗದ್ದಕ್ಕೆ ಇನ್ನೂ ಜೋರಾಗಿ ಆಡಿಸುತ್ತಿದ್ದೆ. ಬಂದ ಹೊಸದರಲ್ಲೇ ಒಂದು ಬೆಳಿಗ್ಗೆ ಅತ್ತೆ ಹಲಗೆಯ ಬಲಗಡೆಯಿಂದ ಎದ್ದು, ತಾವು ಕೂತಿದ್ದ ಜಾಗವನ್ನು ಸೆರಗಿನಿಂದ ಒರೆಸಿ, "ಕೂಚೋ ಅಮ್ಮಾಯಿ" ಎಂದು ನನ್ನನ್ನು ಕೂರಿಸಿದರು. ಕೂತೆ. "ರಂಗು ಚೆಪ್ಪು" ಎಂದರು. ನಾನು ಕಣ್ಣು ಕಣ್ಣು ಬಿಡುತ್ತಿದ್ದೆ. ಪಕ್ಕದಲ್ಲಿದ್ದ ಹೊಸ ಗಂಡ ಮೆಲ್ಲಗೆ, "ಅಂಚಿಗೆ ಯಾವ್ ಬಣ್ಣ ಅಂತ ಕೇಳ್ತೈತೆ ನಮ್ಮವ್ವ. ಇನ್ಮೇಲೆ ನೀನೇ ಹೇಳ್ಬೇಕು" ಎಂದರು.

ಅದು ಈ ಮನೆಯ ಪದ್ಧತಿ. ಒಡಲಿನ ಬಣ್ಣ ರೇಷ್ಮೆ ಕೊಡುವ ಸಾಹುಕಾರರದು. ಅಂಚಿನ ಬಣ್ಣ ಅಂಚಿನ ಲಾಳಿ ದಾಟಿಸುವವಳದು. ಅದನ್ನೂ ಹಲಗೆಯ ಮೇಲೆ ಕೂತೇ ಹೇಳಬೇಕು. ಅಡುಗೆ ಮನೆಯಿಂದ ಕೂಗಿ ಹೇಳುವಂತಿಲ್ಲ, ಗಂಡಸರು ಅದರಲ್ಲಿ ಬಾಯಿ ಹಾಕುವಂತಿಲ್ಲ. ನನಗೆ ಆವತ್ತು ಏನೂ ತೋಚದೆ, ಗೊತ್ತಿದ್ದ ಒಂದೇ ಬಣ್ಣ ಹೇಳಿಬಿಟ್ಟೆ. "ಹಿಂಡಿ ಬಣ್ಣ."

"ದನಕ್ಕೆ ಹಾಕೋ ಹಿಂಡೀನಾ?" ಎಂದು ನಮ್ಮನೆಯವರು ನಕ್ಕಿದ್ದು ನನಗೆ ಇನ್ನೂ ಕಿವಿಯಲ್ಲಿದೆ. ಅತ್ತೆ ನಗಲಿಲ್ಲ. ಹೇಳಿದ ಮೇಲೆ ಆಯಿತು, ಬಣ್ಣದವರ ಹತ್ತಿರ ಹೋಗು ಎಂದು ಮಗನನ್ನು ಎಬ್ಬಿಸಿ ಕಳಿಸಿದರು. ಗುಲಾಬಿ ಒಡಲಿಗೆ ಹಿಂಡಿ ಬಣ್ಣದ ಅಂಚು. ಸಾಹುಕಾರರು ಮೂಗು ಮುರಿದೇ ಒಯ್ದರು. ಮುಂದಿನ ಸಲ ಬಂದಾಗ, "ಆ ಮಣ್ಣಿನಂಥ ಅಂಚು ಇನ್ನೊಂದ್ ಹಾಕ್ರಮ್ಮ, ಅದೇ ಮೊದ್ಲು ಹೋಯ್ತು" ಎಂದರು. ನಾನು ಈ ಮನೆಯವಳಾದದ್ದು ಆವತ್ತು ಎಂದೇ ನನ್ನ ಲೆಕ್ಕ. ತಾಳಿ ಕಟ್ಟಿದ್ದು ಅದಕ್ಕಿಂತ ಮುಂಚೆ, ಅಷ್ಟೇ.

ಹಲಗೆಯ ಮೇಲೆ ನಾವು ಆಡದ ಮಾತಿಲ್ಲ. ಮಗಳಿಗೆ ಹೆಸರು ಹುಡುಕಿದ್ದು ಅಲ್ಲಿ, ಅವಳನ್ನು ನಾಯಕನಹಟ್ಟಿಗೆ ಕೊಡೋಣವೇ ಬೇಡವೇ ಎಂದು ಯೋಚಿಸಿದ್ದು ಅಲ್ಲಿ, ಅತ್ತೆ ತೀರಿಕೊಂಡ ಮೇಲೆ ಇಬ್ಬರೂ ಮೊದಲ ಸಲ ಅತ್ತದ್ದೂ ಅಲ್ಲೇ. ಮಾತು ಬಿಟ್ಟ ದಿನವೂ ಪಕ್ಕದಲ್ಲೇ ಕೂರಬೇಕಲ್ಲ. ಅವರು ಎಳೆ ಕಳಿಸುತ್ತಾರೆ, ನಾನು ಕೊಂಡಿ ಹಾಕುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಯಾರಿಗೋ ಒಬ್ಬರಿಗೆ ನಗು ಬಂದುಬಿಡುತ್ತದೆ. ಬೇರೆ ಗಂಡ ಹೆಂಡಿರು ಜಗಳವನ್ನು ಹೇಗೆ ಮುಗಿಸಿಕೊಳ್ಳುತ್ತಾರೋ ನನಗೆ ನಿಜವಾಗಿಯೂ ಗೊತ್ತಿಲ್ಲ.

ಹೀಗಿರುವಾಗ ನನ್ನ ಬಲ ಮೊಣಕಾಲು ಕೈಕೊಟ್ಟಿತು. ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂರಬೇಕು, ಏಳುವಾಗ ಅದೇ ಕಾಲಿನ ಮೇಲೆ ಭಾರ ಹಾಕಿ ಏಳಬೇಕು. ಮೊದಮೊದಲು ಎಣ್ಣೆ ತಿಕ್ಕಿದೆ, ಉಪ್ಪಿನ ಗಂಟು ಇಟ್ಟೆ. ಆಮೇಲೆ ಚಳ್ಳಕೆರೆಯ ಡಾಕ್ಟರು ಮೊಣಕಾಲಿನ ಎಕ್ಸ್‌ರೇ ತೆಗೆಸಿ, ನೆಲಕ್ಕೆ ಕೂರಲೇಬೇಡಿ, ಗುಂಡಿಯ ಮಾತಂತೂ ಬಿಟ್ಟೇಬಿಡಿ ಎಂದರು. "ಊರಿನ ಹೆಸರಲ್ಲೇ ಮೊಳಕಾಲೈತೆ, ಮುರೀದೆ ಬಿಡ್ತದಾ?" ಎಂದು ತವರಿನಲ್ಲಿ ನಮ್ಮಣ್ಣ ತಮಾಷೆ ಮಾಡಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಕಾಲಿನ ಚಿಂತೆ ಇರಲಿಲ್ಲ. ಹಲಗೆಯ ಬಲಗಡೆ ಇನ್ನು ಯಾರು ಕೂರುತ್ತಾರೆ ಎನ್ನುವುದೊಂದೇ ಚಿಂತೆ.

ಕೂಲಿಗೆ ಒಬ್ಬಳನ್ನು ಕರೆದುಕೊಳ್ಳುವ ಮಾತು ಬಂತು. ನಮ್ಮನೆಯವರು ಒಪ್ಪಲಿಲ್ಲ. "ನಿನ್ ಜಾಗದಾಗ ಇನ್ನೊಬ್ರು ಕೂತ್ರೆ ನಂಗೆ ಕೈ ಓಡಲ್ಲ" ಎಂದರು. ನನಗೆ ಒಳಗೊಳಗೇ ಎಷ್ಟು ಖುಷಿಯಾಯಿತು ಎಂದರೆ, ಆವತ್ತು ಅವರ ಸಾರಿನ ಒಗ್ಗರಣೆಗೆ ಎರಡು ಪಾಲು ಎಣ್ಣೆ ಬಿತ್ತು. ಆದರೆ ಆ ಮನುಷ್ಯ ಅಲ್ಲಿಗೆ ನಿಲ್ಲಲಿಲ್ಲ. ಯೋಚನೆಗೆ ಬಿದ್ದರು.

ಅವರು ಯೋಚನೆಗೆ ಬಿದ್ದರೆ ಮನೆಯ ಸಾಮಾನಿಗೆ ಉಳಿಗಾಲವಿಲ್ಲ. ನನ್ನ ಕೊಡೆಯ ಕಡ್ಡಿ ಹೋಯಿತು. ಮಗಳ ಹಳೆಯ ಸೈಕಲ್ಲಿನ ಬ್ರೇಕಿನ ತಂತಿ ಹೋಯಿತು. ಹೊಲಿಗೆ ಮಿಷನ್ನಿನ ಸ್ಪ್ರಿಂಗಿಗೆ ಕೈ ಹಾಕಿದಾಗ ನಾನು ಕೂಗಾಡಿದೆ. ಆಗ ಚಳ್ಳಕೆರೆಯ ಬಸ್ಸು ಹತ್ತಿ ಗುಜರಿ ಅಂಗಡಿಗೆ ಹೋಗಲು ಶುರು ಮಾಡಿದರು. ತವರುಮನೆಯ ಬೀದಿಯದೇ ಅಂಗಡಿ ಎಂದು ಒಂದೆರಡು ಸಲ ನಾನೂ ಜೊತೆಗೆ ಹೋದೆ. ಅಂಗಡಿಯ ಭಾಯಿ ಇವರನ್ನು ಕಂಡರೆ ಕೈ ಮುಗಿಯುತ್ತಿದ್ದ. "ಅರೆ ಯಜಮಾನ್ರೇ, ಮೋಟ್ರು ಬೇಕಾ, ಸ್ಪ್ರಿಂಗ್ ಬೇಕಾ, ಪೈಲಾ ಅದು ಹೇಳ್ರಿ. ನೀವು ರಾಶಿ ಕೆದಕಿ ಹೋದ್ಮೇಲೆ ನಂಗೇ ನನ್ ಮಾಲು ಸಿಗಲ್ಲ." ಇವರು ರಾಶಿಯಲ್ಲಿ ಕೂತು ಒಂದೊಂದೇ ಸ್ಪ್ರಿಂಗನ್ನು ಎಳೆದು ಬಿಟ್ಟು ನೋಡುತ್ತಿದ್ದರು. ಜೋರಾದರೆ ರೇಷ್ಮೆ ಎಳೆ ಹರಿಯುತ್ತದೆ, ಮೆತ್ತಗಾದರೆ ಲಾಳಿ ಅರ್ಧಕ್ಕೇ ನಿಲ್ಲುತ್ತದೆ. ನನ್ನ ಕೈ ಹೇಗೆ ಎಸೆಯುತ್ತಿತ್ತೋ ಅಷ್ಟೇ ಇರಬೇಕು ಎಂದು ಅವರ ಹಟ. "ನಿನ್ ಕೈ ಇಂಗೆ" ಎಂದು ಗಾಳಿಯಲ್ಲಿ ತೋರಿಸುತ್ತಿದ್ದರು. ನನ್ನ ಕೈಯನ್ನು ಅವರು ಅಷ್ಟು ನೋಡಿಟ್ಟುಕೊಂಡಿದ್ದಾರೆಂದು ನನಗೂ ತಿಳಿದಿರಲಿಲ್ಲ.

ಮೊದಲು ಕಟ್ಟಿದ್ದು ಲಾಳಿಯನ್ನು ನನ್ನ ಹಿಟ್ಟಿನ ಡಬ್ಬಕ್ಕೆ ಹಾರಿಸಿತು. ಎರಡನೆಯದು ಎಳೆಯನ್ನು ಕಚ್ಚಿಕೊಂಡು ಬಿಡಲೇ ಇಲ್ಲ. ಹಾಗೆ ಕಟ್ಟುತ್ತಾ ಬಿಚ್ಚುತ್ತಾ ಬೇಸಿಗೆ ಕಳೆಯಿತು. ಕೊನೆಗೆ ಒಂದು ದಿನ ಅವರು ಎಡಗಾಲಿನಿಂದ ಒಂದು ಸಣ್ಣ ಹಲಗೆ ಒತ್ತಿದರೆ ಬ್ರೇಕಿನ ತಂತಿ ಎಳೆದು, ಕೊಡೆ ಕಡ್ಡಿಯ ಕೊಕ್ಕೆ ಒಡಲಿನ ಎಳೆ ಹಿಡಿದು, ಬಲಗಡೆಯ ಲಾಳಿ ತಾನೇ ದಾಟಿ, ತಾನೇ ವಾಪಸು ಬಂತು. ಮತ್ತೆ ಒತ್ತಿದರು. ಮತ್ತೆ ಬಂತು. ಕೊಂಡಿ ಅಚ್ಚುಕಟ್ಟಾಗಿ ಕೂತಿತ್ತು. ಅವರು ನನ್ನ ಕಡೆ ತಿರುಗಿ, ಕಣ್ಣು ತುಂಬಿಕೊಂಡು, "ಇನ್ಮೇಲೆ ನೀನು ಗುಂಡಿಗೆ ಇಳಿಯಂಗಿಲ್ಲ ನೋಡೇ" ಎಂದರು.

ನಾನೂ ಅತ್ತುಬಿಟ್ಟೆ. ಖುಷಿಗೆ ಅಳುತ್ತಿದ್ದಾಳೆ ಎಂದುಕೊಂಡರು. ಅರ್ಧ ಖುಷಿಯೇ ಸರಿ, ಸುಳ್ಳು ಹೇಳುವುದಿಲ್ಲ. ನನಗೋಸ್ಕರ ಒಬ್ಬ ಮನುಷ್ಯ ಬೇಸಿಗೆಯ ಬಿಸಿಲಲ್ಲಿ ಗುಜರಿಯ ರಾಶಿ ಕೆದಕಿದ್ದಾನೆ. ಇನ್ನರ್ಧ ಏನೆಂದು ಬಾಯಿಬಿಟ್ಟು ಹೇಳುವುದು ಹೇಗೆ? ಅವರು ನನ್ನ ಕಾಲಿನ ನೋವು ನೋಡಿದರು, ಅದನ್ನು ತೆಗೆದುಹಾಕಿದರು. ನೋವಿನ ಜೊತೆಗೇ ಕೂತಿದ್ದ ಸುಖವೂ ಎದ್ದುಹೋಗುತ್ತದೆ ಎನ್ನುವುದು ಅವರ ಯೋಚನೆಗೆ ಬರಲಿಲ್ಲ. ನನಗೂ ಬಂದಿರಲಿಲ್ಲ. ಲಾಳಿ ತಾನಾಗಿ ದಾಟಿದ್ದನ್ನು ಕಂಡ ಮೇಲೇ ಗೊತ್ತಾದದ್ದು.

ಆಮೇಲೆ ನಾನು ಒಳಗೆ, ಅವರು ಹೊರಗೆ. ಎಂಟು ಹೆಜ್ಜೆಯ ಮನೆ, ಆದರೂ ಬೇರೆ ಊರಿನಂತಾಯಿತು. ಕಾಳು ಆರಿಸುತ್ತಾ ಮಗ್ಗದ ಸದ್ದು ಕೇಳುತ್ತಾ ಕೂರುತ್ತಿದ್ದೆ. ಊಟಕ್ಕೆ ಬಂದಾಗ ಮಾತಾಡುತ್ತಿದ್ದರು, ಇಲ್ಲವೆಂದಲ್ಲ. ಸಾರು ಚೆನ್ನಾಗೈತೆ. ಕಾಲು ಹೆಂಗೈತೆ. ಎದುರು ಬದುರು ಕೂತರೆ ನಮಗೆ ಮಾತು ಬರುವುದಿಲ್ಲ ಎಂಬುದು ಆಗ ತಿಳಿಯಿತು. ಅಷ್ಟು ವರ್ಷ ಆಡಿದ ಮಾತೆಲ್ಲ ಒಬ್ಬರ ಮುಖ ಒಬ್ಬರು ನೋಡದೆ, ಎಳೆಯನ್ನು ನೋಡುತ್ತಾ ಆಡಿದ್ದು.

ಇನ್ನೊಂದು ಸಂಗತಿ. ನಾನು ಕೊನೆಯ ಸಲ ಹಲಗೆಯ ಮೇಲೆ ಕೂತಾಗ ನೇರಳೆ ಅಂಚು ಎಂದಿದ್ದೆ. ಆ ಸೀರೆ ಮುಗಿಯಿತು. ಹೊಸ ನೂಲು ಬಂತು, ಅದಕ್ಕೂ ನೇರಳೆ. ಅದರ ಮುಂದಿನದಕ್ಕೂ ನೇರಳೆ. ಹಸಿರು ಒಡಲಿಗೂ ಅದೇ, ಕೆಂಪಿಗೂ ಅದೇ. ನಾನು ನೋಡಿದೆ, ಸುಮ್ಮನಿದ್ದೆ. ಬಣ್ಣ ಕೇಳುವುದಕ್ಕೂ ನಾನು ಬೇಡವಾದೆನಲ್ಲ ಎಂದು ಸಿಟ್ಟಾದೆ. ಕೇಳಲಿ, ಆಮೇಲೆ ಹೇಳೋಣ ಎಂದುಕೊಂಡೆ. ಕೇಳಲಿಲ್ಲ. ನಾನಾಗಿ ಹೇಳಲು ನನಗೇನು ದರ್ದು?

ಈ ನಡುವೆ ನಮ್ಮ ಮಗಳು ನಾಯಕನಹಟ್ಟಿಯಿಂದ ಬಂದವಳು ಅಪ್ಪನ ಮಗ್ಗದ ವಿಡಿಯೋ ತೆಗೆದು ಯಾರಿಗೋ ಕಳಿಸಿದಳು. ಅದು ಅವರಿವರ ಕೈ ದಾಟಿ, ಉಳ್ಳಾರ್ತಿ ಕಾವಲಿನ ಕಡೆ ಹೊಸದಾಗಿ ಎದ್ದಿರುವ ವಿಜ್ಞಾನ ಸಂಸ್ಥೆಗಳ ಕಾಂಪೌಂಡುಗಳ ಪೈಕಿ ಯಾವುದೋ ಒಂದರಲ್ಲಿ ಕೆಲಸ ಮಾಡುವ ಒಬ್ಬ ಎಂಜಿನಿಯರ್ ಹುಡುಗಿಗೆ ಸಿಕ್ಕಿತು. ಆ ಹುಡುಗಿ ಮತ್ತವಳ ಗೆಳೆಯರು ಸೇರಿ ಚಳ್ಳಕೆರೆಯ ಒಂದು ಕಲ್ಯಾಣ ಮಂಟಪದಲ್ಲಿ ಸಭೆ ಇಟ್ಟುಕೊಂಡಿದ್ದರು. ಹೊಸ ಯೋಚನೆ ಮಾಡಿದ ಸಣ್ಣ ಕಸುಬಿನವರು ಬಂದು ತಮ್ಮದನ್ನು ತೋರಿಸಬೇಕು, ಬಂಡವಾಳ ಹಾಕುವವರು ಬಂದು ನೋಡಬೇಕು. ನಮಗೂ ಕರೆ ಬಂತು. ನಾನು ಹಿಂಡಿ ಬಣ್ಣದ ಅಂಚಿನ ಹಳೆಯ ಸೀರೆ ಉಟ್ಟುಕೊಂಡೆ. ಇವರು ಮಗ್ಗದ ತುಂಡೊಂದನ್ನು ಮರದ ಚೌಕಟ್ಟಿಗೆ ಕಟ್ಟಿಕೊಂಡು, ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಬಂದರು.

ಸಭೆ ಚೆನ್ನಾಗಿತ್ತು. ನನ್ನಿವಾಳ ಊರಿನವನೊಬ್ಬ ಬಟ್ಟೆ ಒಗೆಯುವ ಮಿಷನ್ನಿನ ಡ್ರಮ್ಮಿನಲ್ಲಿ ಶೇಂಗಾ ಸುಲಿದು ತೋರಿಸಿದ. ಒಬ್ಬ ಕುರಿಗಾಹಿ ಟಗರಿನ ಕೊರಳಿಗೆ ಫೋನಿನ ಚೂರು ಕಟ್ಟಿ, ಮಂದೆ ಎಲ್ಲಿದೆ ಎಂದು ಕೂತಲ್ಲೇ ಹೇಳಿದ. ಪ್ರತಿಯೊಬ್ಬರಿಗೂ ವೇದಿಕೆಯ ಮೇಲಿಂದ ಒಂದೇ ಪ್ರಶ್ನೆ, ಇದರಿಂದ ಏನು ಉಳಿತಾಯ? ನಮ್ಮನೆಯವರ ಸರದಿ ಬಂತು. ಕಾಲಿನಿಂದ ಒತ್ತಿದರು, ಲಾಳಿ ದಾಟಿತು. ಪ್ರಶ್ನೆ ಬಂತು. ಅವರು ಮೈಕು ಹಿಡಿದು, ಎದೆಯುಬ್ಬಿಸಿ, "ಒಂದಾಳು ಉಳೀತದೆ ಸಾರ್" ಎಂದರು.

ಚಪ್ಪಾಳೆಯೋ ಚಪ್ಪಾಳೆ. ಆ ಒಂದಾಳು ಎರಡನೇ ಸಾಲಿನ ಕುರ್ಚಿಯಲ್ಲಿ ಕೂತು, ಉಪ್ಪಿಟ್ಟಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು, ತಾನೂ ಚಪ್ಪಾಳೆ ಹೊಡೆಯುತ್ತಿದ್ದಳು. ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಾ, "ನಾನು ಆಳೇನ್ರಿ?" ಎಂದೆ. ಬಸ್ಸಿನ ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ. "ಏನಂದೆ?" ಎಂದರು. "ಏನಿಲ್ಲ" ಎಂದೆ.

ಸಾಹುಕಾರರು ಬಂದದ್ದು ಅದಾದ ಕೆಲವು ದಿನಕ್ಕೆ. ಒಳಗೆ ಟೀ ಸೋಸುತ್ತಿದ್ದೆ, ಹೊರಗಿನ ಮಾತು ಕೇಳುತ್ತಿತ್ತು. "ಏನ್ ಮಾರಾಯ, ನಿಮ್ಮನೇಲಿ ನೇರಳೆ ಹಣ್ಣಿನ ಸುಗ್ಗೀನಾ? ಅಂಗಡೀಲಿ ನಿನ್ ಸೀರೆ ಬಿಚ್ಚಿದ್ರೆ ಎಲ್ಲಾ ಒಂದೇ ಅಂಚು. ಮಿಷನ್ ಬಂದ್ಮೇಲೆ ತಲೆ ಓಡದು ನಿಂತೋಯ್ತಾ? ಮುಂದಿನ ಸಲಾನೂ ನೇರಳೆ ತಂದ್ರೆ ನಾ ತಗಳಲ್ಲ. ಬೇರೆ ಬಣ್ಣ ಹಾಕು."

ನಮ್ಮನೆಯವರ ಉತ್ತರ ಮೆಲ್ಲಗೆ ಬಂತು. "ಅದು ನಂದಲ್ಲ ಸಾಹುಕಾರ್ರೇ. ಅವಳ್ದು. ಅವಳು ಇನ್ನೂ ಹೇಳಿಲ್ಲ."

ಟೀ ಕೊಟ್ಟೆ. ಸಾಹುಕಾರರು ಕುಡಿದು ಹೋದರು. ಅವರ ಚಪ್ಪಲಿ ಸದ್ದು ಬೀದಿ ದಾಟುವವರೆಗೂ ತಡೆದುಕೊಂಡಿದ್ದೆ. "ಕೇಳಕ್ಕೆ ಬಾಯಿರ್ಲಿಲ್ವಾ ನಿಮಗೆ?" ಎಂದು ಶುರು ಮಾಡಿದವಳು, ಆಳಿನ ಮಾತು, ಚಪ್ಪಾಳೆಯ ಮಾತು, ಕಾಳು ಆರಿಸಿದ ಮಾತು ಎಲ್ಲವನ್ನೂ ಒಂದೇ ಉಸಿರಿಗೆ ಸುರಿದೆ. ಅವರು ಹಲಗೆಯ ಎಡತುದಿಯಲ್ಲಿ ಕೂತೇ ಇದ್ದರು. ಬಲಗಡೆ ಅಷ್ಟು ಜಾಗ ಖಾಲಿ ಬಿದ್ದಿದ್ದರೂ ಒಂದಿಷ್ಟೂ ಸರಿದು ಕೂತಿರಲಿಲ್ಲ. ಅದನ್ನು ನಾನು ಗಮನಿಸಿದ್ದೇ ಆಗ.

"ಹೆಂಗ್ ಕೇಳ್ಲಿ?" ಎಂದರು. "ಹಲಗೆ ಮೇಲೆ ಕೂತೇ ಹೇಳ್ಬೇಕಲ್ಲ. ಒಳಗ್ ಬಂದು ಕೇಳಿದ್ರೆ, ನೀನು ಇನ್ನಿಲ್ಲಿ ಕೂರಲ್ಲ ಅಂತ ನಾನೇ ಅಂದಂಗಾಗ್ತಿತ್ತು. ಅಂಚು ಬದಲಾಗ್ದೆ ಇದ್ರೆ, ಅದೇ ಸೀರೆ ಇನ್ನೂ ನೇಯ್ತಾ ಇದೀನಿ, ನೀನು ನೀರು ಕುಡಿಯಾಕೆ ಎದ್ದು ಒಳಗೋಗಿದೀಯ, ಬರ್ತೀಯ ಅಂದ್ಕೊಂಡು ಕೂತಿದ್ದೆ."

ನನ್ನ ಕೋಪಕ್ಕೆ ನಿಲ್ಲಲು ಜಾಗವೇ ಉಳಿಯಲಿಲ್ಲ. ಕಂಬ ಹಿಡಿದುಕೊಂಡು ಅತ್ತೆ. ಈ ಸಲ ಯಾವ ಅರ್ಧವೂ ಇಲ್ಲ, ಪೂರ್ತಿ ಅಳು. ಅವರು ಎದ್ದು ಬಂದು ನನ್ನ ತಲೆ ಸವರಿ, ಹೋಗಿ ಸ್ಪ್ಯಾನರ್ ಹುಡುಕತೊಡಗಿದರು. ಇವರಿಗೆ ಸಮಾಧಾನ ಮಾಡಲು ಗೊತ್ತಿರುವುದು ಅಷ್ಟೇ.

ಅವರು ಮಾಡಿದ್ದು ಇಷ್ಟು. ಕಾಲಿನಿಂದ ಒತ್ತುವ ಹಲಗೆಯನ್ನು ಬಿಚ್ಚಿಹಾಕಿದರು. ಅದೇ ಬ್ರೇಕಿನ ತಂತಿಯನ್ನು ಉದ್ದ ಮಾಡಿ, ಗುಂಡಿಯ ಅಂಚಿಗೆ, ತಮ್ಮ ಬಲ ಮಗ್ಗುಲಿನ ನನ್ನ ಜಾಗಕ್ಕೇ ಒಂದು ಕುರ್ಚಿ ಹಾಕಿ, ಅದರ ಕೈಗೆ ಮಗಳ ಸೈಕಲ್ಲಿನ ಬ್ರೇಕ್ ಹಿಡಿಯನ್ನು ಕೂರಿಸಿದರು. ಕಾಲು ಚಾಚಲು ಮುಂದೊಂದು ಮಣೆ. ಕುರ್ಚಿಯ ಎತ್ತರಕ್ಕೆ ಭುಜಕ್ಕೆ ಭುಜ ತಾಗುವುದಿಲ್ಲವೆಂದು ಅದರ ಕಾಲುಗಳನ್ನು ಗರಗಸದಿಂದ ಕುಯ್ದರು. ಜಾಸ್ತಿ ಕುಯ್ದರೆ ಮೊಣಕಾಲಿಗೆ ನೋವು, ಕಮ್ಮಿಯಾದರೆ ಭುಜ ಸಿಗುವುದಿಲ್ಲ. ನನ್ನನ್ನು ಕೂರಿಸಿ ಎಬ್ಬಿಸಿ, ಎಬ್ಬಿಸಿ ಕೂರಿಸಿ ಅಳತೆ ಹಿಡಿದರು. ಭುಜ ಪೂರ್ತಿ ತಾಗುವುದಿಲ್ಲ, ನನ್ನ ಮೊಣಕೈ ಅವರ ಭುಜಕ್ಕೆ ತಾಗುತ್ತದೆ. ಸಾಕು.

ಈಗ ಬ್ರೇಕ್ ಹಿಡಿದರೆ ಲಾಳಿ ಓಡುತ್ತದೆ. ಮೊದಲು ಸ್ವಲ್ಪ ದಿನ ತಬ್ಬಿಬ್ಬಾಯಿತು. ಒತ್ತುವ ಹೊತ್ತಿಗೆ ಒತ್ತದೆ, ಮಾತಿಗೆ ಬಿದ್ದು ಮರೆತು, "ಏಯ್, ಹಿಡಿಯೇ" ಎಂದು ಬೈಸಿಕೊಂಡೆ. ಬೈಸಿಕೊಂಡರೆ ಎಷ್ಟು ಚೆನ್ನಾಗಿರುತ್ತದೆ ಎನ್ನುವುದು ಮರೆತೇಹೋಗಿತ್ತು.

ಆ ಎಂಜಿನಿಯರ್ ಹುಡುಗಿ ಹೋದ ತಿಂಗಳು ಮನೆಗೇ ಬಂದಿದ್ದಳು. ಒಳ್ಳೆಯ ಹುಡುಗಿ, ಚಪ್ಪಲಿ ಹೊರಗೆ ಬಿಟ್ಟು, ಮಗ್ಗಕ್ಕೆ ಕೈ ಮುಗಿದು ಒಳಗೆ ಬಂದಳು. ಬೇರೆ ಮಗ್ಗಗಳಿಗೂ ಈ ಸಾಧನ ಮಾಡಿಕೊಡಬಹುದೇ ಎಂದು ಕೇಳಲು ಬಂದವಳು, ಕುರ್ಚಿ ನೋಡಿ, ತಂತಿ ನೋಡಿ, ಕಾಲಿನ ಹಲಗೆ ಇದ್ದ ಖಾಲಿ ಜಾಗ ನೋಡಿ ಗೊಂದಲಕ್ಕೆ ಬಿದ್ದಳು. "ಇದು ಒಬ್ಬರಿಂದಲೇ ನಡೀತಿತ್ತಲ್ಲ ಯಜಮಾನ್ರೇ? ಏನಾದ್ರೂ ಕೆಟ್ಟಿತ್ತಾ?"

"ಇಲ್ಲ ಮೇಡಂ, ಚೆನ್ನಾಗೇ ನಡೀತಿತ್ತು" ಎಂದರು ಇವರು. ಕಾಲಿನ ಹಲಗೆಯ ನಕ್ಷೆಯನ್ನು ಬೇಕಾದವರಿಗೆ ಬರೆದುಕೊಡುತ್ತೇನೆ, ಒಂಟಿಯಾಗಿ ನೇಯುವವರಿಗೆ ಅದು ಒಳ್ಳೆಯದು ಎಂದೂ ಹೇಳಿದರು. ಆಮೇಲೆ ನನ್ನ ಕುರ್ಚಿಯ ಕೈ ತಟ್ಟಿ, "ಇದು ಅದಕ್ಕಿಂತ ಮುಂದಿನದು" ಎಂದರು.

"ಇದರಲ್ಲಿ ಏನು ಉಳಿತಾಯ?" ಹುಡುಗಿ ನಗುತ್ತಲೇ ಕೇಳಿದಳು.

ಕಲ್ಯಾಣ ಮಂಟಪದಲ್ಲಿ ಎದೆಯುಬ್ಬಿಸಿದಷ್ಟೇ ಎದೆಯುಬ್ಬಿಸಿ, ನಮ್ಮನೆಯವರು, "ಇದಕ್ಕೆ ಒಂದಾಳು ಜಾಸ್ತಿ ಬೇಕಾಗ್ತದೆ ಮೇಡಂ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ಮಗ್ಗದ ಮೇಲಿದ್ದ ಸೀರೆ ಸೆರಗಿಗೆ ಬಂದಿತ್ತು. ಮುಂದಿನ ನೂಲು ಬಣ್ಣಕ್ಕೆ ಹೋಗಬೇಕಿತ್ತು.

"ಹೇಳೇ, ಅಂಚಿಗೆ ಯಾವ್ ಬಣ್ಣ?"

"ಹಿಂಡಿ ಬಣ್ಣ" ಎಂದೆ.